ಕಾಲು ಗ್ರಾಂ ಕಬ್ಬಿಣದ ಲೆಕ್ಕ

ದಿನ ತುಂಬಿ ಹುಟ್ಟಿದ ಮೂರು ಕಿಲೋ ತೂಕದ ಮಗುವಿನ ಮೈಯಲ್ಲಿರುವ ಕಬ್ಬಿಣ ಹೆಚ್ಚುಕಡಿಮೆ ಕಾಲು ಗ್ರಾಂ. ಇದರ ಬಹುಪಾಲು ಗರ್ಭದ ಕೊನೆಯ ಮೂರು ತಿಂಗಳಲ್ಲಿ ತಾಯಿಯ ರಕ್ತದಿಂದ ಮಗುವಿಗೆ ಸಂದಾಯವಾಗುತ್ತದೆ. ಹುಟ್ಟಿದ ಮೇಲೆ ಸುಮಾರು ಆರು ತಿಂಗಳವರೆಗೆ ಮಗು ಬದುಕುವುದು ಮುಖ್ಯವಾಗಿ ಈ ದಾಸ್ತಾನಿನ ಮೇಲೆಯೇ. ಎದೆಹಾಲಿನ ಕಬ್ಬಿಣ ಚೆನ್ನಾಗಿ ಹೀರಲ್ಪಡುತ್ತದೆ ನಿಜ, ಆದರೆ ಅದರ ಪ್ರಮಾಣ ಲೀಟರೊಂದಕ್ಕೆ ಅರ್ಧ ಮಿಲಿಗ್ರಾಮಿಗಿಂತಲೂ ಕಡಿಮೆ. ಹೀಗಾಗಿ ಪ್ರತಿಯೊಂದು ಕೂಸೂ ತನ್ನ ಮೊದಲ ಅರ್ಧ ವರ್ಷವನ್ನು ತಾಯಿ ಕಟ್ಟಿಕೊಟ್ಟ ಬುತ್ತಿಯಲ್ಲಿ ಕಳೆಯುತ್ತದೆ.

ಆ ಬುತ್ತಿಯ ತೂಕವನ್ನು ನಿರ್ಧರಿಸುವವರು ಯಾರು? ಗಲ್ಫ್ ಕನ್ನಡಿಗರಾದ ನಮ್ಮ ನಡುವೆ ಈ ಪ್ರಶ್ನೆಗೆ ಸಿದ್ಧ ಉತ್ತರಗಳಿವೆ. ಬಸುರಿ ಸರಿಯಾಗಿ ಉಣ್ಣುವುದಿಲ್ಲ, ಮಾತ್ರೆ ನುಂಗಲು ಅವಳಿಗೆ ಉದಾಸೀನ, ಈ ಕಾಲದ ಹೆಣ್ಣುಮಕ್ಕಳಿಗೆ ಸೊಪ್ಪು ಸೇರುವುದಿಲ್ಲ ಎಂಬ ಮಾತುಗಳನ್ನು ದುಬೈನ ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ಈ ಉತ್ತರಗಳೆಲ್ಲ ತಾಯಿಯ ಅಡುಗೆಮನೆಯಲ್ಲಿಯೇ ಹುಟ್ಟಿ ಅಲ್ಲಿಯೇ ಮುಗಿಯುತ್ತವೆ. ದುಬೈ, ಅಬುಧಾಬಿಗಳಲ್ಲಿ ನಮ್ಮ ತಾಯಂದಿರ ಮತ್ತು ಮಕ್ಕಳ ಕಬ್ಬಿಣದ ಮಟ್ಟವನ್ನು ಅಡುಗೆಮನೆಯಷ್ಟೇ ಬಲವಾಗಿ ವಿಮೆಯ ಪಟ್ಟಿ, ಹೆರಿಗೆ ರಜೆ, ವೀಸಾ ನಿಯಮ ಮತ್ತು ಹೆರಿಗೆ ಕೋಣೆಯ ಗಡಿಯಾರಗಳು ನಿರ್ಧರಿಸುತ್ತವೆ ಎಂಬುದು ನನ್ನ ವಾದ. ಇವೆಲ್ಲವೂ ಯಾರೋ ಕುಳಿತು ಬರೆದ ನಿಯಮಗಳು. ಆದ್ದರಿಂದ ತಿದ್ದಬಹುದಾದ ನಿಯಮಗಳು.

ಒಂದು ಬಸಿರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಅದರಲ್ಲಿ 300ರಷ್ಟು ಮಗು ಮತ್ತು ಮಾಸಿಗೆ, 500ರಷ್ಟು ತಾಯಿಯ ಮೈಯಲ್ಲಿ ಹೆಚ್ಚಬೇಕಾದ ರಕ್ತಕ್ಕೆ, ಉಳಿದದ್ದು ನಿತ್ಯದ ನಷ್ಟಕ್ಕೆ. ಆರೋಗ್ಯವಂತ ಹೆಣ್ಣಿನ ದಾಸ್ತಾನು ಕೂಡ ಸಾಮಾನ್ಯವಾಗಿ ಇದರ ಅರ್ಧಕ್ಕೆ ಬರುವುದಿಲ್ಲ. ನಮ್ಮ ಹೆಣ್ಣುಮಕ್ಕಳಾದರೋ ಕೊರತೆಯಿಂದಲೇ ಹೊರಡುತ್ತಾರೆ. 2019-21ರ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇಕಡಾ 47.8 ಮಂದಿ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5ರಷ್ಟು ರಕ್ತಹೀನರು. ಈ ಅಂಕಿಗಳ ಬಗ್ಗೆ ತಕರಾರುಗಳಿವೆ. ಬೆರಳ ತುದಿಯಿಂದ ತೆಗೆದ ಹನಿ ರಕ್ತ ರಕ್ತಹೀನತೆಯನ್ನು ಹೆಚ್ಚಾಗಿ ತೋರಿಸುತ್ತದೆ ಎಂದು ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ಅನುರಾ ಕುರ್ಪಾಡ್ ಮತ್ತವರ ಸಹೋದ್ಯೋಗಿಗಳು ವಾದಿಸುತ್ತ ಬಂದಿದ್ದಾರೆ. ರಕ್ತನಾಳದಿಂದಲೇ ರಕ್ತ ತೆಗೆದು ಪರೀಕ್ಷಿಸಿದ 2016-18ರ ಸಮಗ್ರ ರಾಷ್ಟ್ರೀಯ ಪೌಷ್ಟಿಕತೆ ಸಮೀಕ್ಷೆಯಲ್ಲಿ ಒಂದರಿಂದ ನಾಲ್ಕು ವರ್ಷದ ಭಾರತೀಯ ಮಕ್ಕಳ ಪೈಕಿ ರಕ್ತಹೀನರು ಶೇಕಡಾ 41. ತಕರಾರನ್ನು ಪೂರ್ತಿ ಒಪ್ಪಿಕೊಂಡರೂ ಐದರಲ್ಲಿ ಎರಡು ಮಕ್ಕಳು ಉಳಿದೇ ಉಳಿಯುತ್ತಾರೆ.

ಈ ಕೊರತೆ ಬಳುವಳಿಯಾಗಿ ಬರುತ್ತದೆ. ಗ್ರಾಮೀಣ ಕರ್ನಾಟಕದ ಒಂದರಿಂದ ಎರಡು ವರ್ಷದ ಸುಮಾರು 400 ಮಕ್ಕಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮುಕ್ಕಾಲು ಪಾಲು ಮಕ್ಕಳು ರಕ್ತಹೀನರಾಗಿದ್ದರು. ಮಗುವಿನ ಹಿಮೋಗ್ಲೋಬಿನ್ ಮಟ್ಟ ತಾಯಿಯ ಹಿಮೋಗ್ಲೋಬಿನ್, ಮನೆಯ ಸ್ಥಿತಿಗತಿ ಮತ್ತು ಆಹಾರ ಭದ್ರತೆಯೊಂದಿಗೆ ನೇರ ನಂಟು ಹೊಂದಿತ್ತು. ತಡವಾಗಿ ತುಂಬಿಕೊಟ್ಟರೆ ಎಲ್ಲವೂ ಸರಿಹೋಗುತ್ತದೆ ಎನ್ನುವಂತಿಲ್ಲ. ಕೋಸ್ಟರಿಕಾದಲ್ಲಿ ಬೆಟ್ಸಿ ಲೊಜಾಫ್ ಮತ್ತವರ ತಂಡ ಶೈಶವದಲ್ಲಿ ತೀವ್ರ ಕಬ್ಬಿಣದ ಕೊರತೆಯಿದ್ದ ಮಕ್ಕಳನ್ನು ಹತ್ತೊಂಬತ್ತನೆಯ ವಯಸ್ಸಿನವರೆಗೆ ಹಿಂಬಾಲಿಸಿತು. ಚಿಕಿತ್ಸೆಯಿಂದ ಅವರ ರಕ್ತ ಸರಿಹೋಗಿತ್ತು, ಆದರೆ ಕಲಿಕೆಯಲ್ಲಿ ಅವರು ಓರಗೆಯವರಿಗಿಂತ ಹಿಂದೆಯೇ ಉಳಿದಿದ್ದರು. ಬಡ ಮನೆಗಳ ಮಕ್ಕಳಲ್ಲಿ ಈ ಅಂತರ ವರ್ಷ ಕಳೆದಂತೆ ಹಿಗ್ಗಿತ್ತು. ಬಾಂಗ್ಲಾದೇಶದಲ್ಲಿ ಎಂಟು ತಿಂಗಳ 3300 ಶಿಶುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮೂರು ತಿಂಗಳು ಕಬ್ಬಿಣ ಕೊಟ್ಟಾಗ ರಕ್ತಹೀನತೆ ಇಳಿಯಿತು. ಮಕ್ಕಳ ಬೌದ್ಧಿಕ ಬೆಳವಣಿಗೆಯಲ್ಲಿ ಮಾತ್ರ ಗುರುತಿಸಬಹುದಾದ ಲಾಭ ಕಾಣಲಿಲ್ಲ. ಈ ಎರಡನ್ನೂ ಒಟ್ಟಿಗಿಟ್ಟು ಓದಿದಾಗ ನನಗೆ ತೋರುವುದಿಷ್ಟು: ಮೆದುಳು ಕಟ್ಟಿಕೊಳ್ಳುವ ಕಾಲಕ್ಕೆ ಕಬ್ಬಿಣ ಒದಗಬೇಕು, ಆ ಕಾಲದ ದೊಡ್ಡ ಭಾಗ ಮಗು ಹುಟ್ಟುವ ಮೊದಲೇ ಮುಗಿದಿರುತ್ತದೆ.

ಮಂಗಳೂರಿನಿಂದ ವಿಮಾನ ಹತ್ತಿದ ಮಾತ್ರಕ್ಕೆ ಈ ಕೊರತೆ ಹಿಂದೆ ಉಳಿಯುವುದಿಲ್ಲ. ಹೊಳೆಯುವ ಆಸ್ಪತ್ರೆಗಳ, ತುಂಬಿದ ಮಾರುಕಟ್ಟೆಗಳ ಈ ನಾಡಿನಲ್ಲಿ ರಕ್ತಹೀನತೆಯೆಂಬುದು ಊರಿನ ಮಾತು ಎಂಬ ಭ್ರಮೆ ನಮಗಿದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ 15ರಿಂದ 49 ವಯಸ್ಸಿನ ಸುಮಾರು ನಾಲ್ವರು ಮಹಿಳೆಯರಲ್ಲಿ ಒಬ್ಬರು ರಕ್ತಹೀನರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು. ಇಲ್ಲಿ ತಾಯಿ ಮಕ್ಕಳ ಆರೋಗ್ಯದ ಬಗ್ಗೆ ಗಂಭೀರ ಸಂಶೋಧನೆಯೂ ನಡೆಯುತ್ತಿದೆ. ಅಲ್ ಐನ್‌ನಲ್ಲಿರುವ ಯುಎಇ ವಿಶ್ವವಿದ್ಯಾಲಯ 2017ರಲ್ಲಿ ಆರಂಭಿಸಿದ 'ಮುತಾಬಅ' ಅಧ್ಯಯನ ಹತ್ತು ಸಾವಿರ ಗರ್ಭಿಣಿಯರನ್ನು ನೋಂದಾಯಿಸಿಕೊಂಡು ಅವರ ಮಕ್ಕಳನ್ನು ಹದಿನಾರು ವರ್ಷದವರೆಗೆ ಹಿಂಬಾಲಿಸುವ ಗುರಿ ಹೊಂದಿದೆ. ಮೆಚ್ಚಬೇಕಾದ ಕೆಲಸ. ಆದರೆ ಅದು ನೋಂದಾಯಿಸಿಕೊಳ್ಳುವುದು ಎಮಿರಾತಿ ತಾಯಂದಿರನ್ನು ಮಾತ್ರ. ದೇಶದ ಜನಸಂಖ್ಯೆಯಲ್ಲಿ ಹತ್ತಿರಹತ್ತಿರ ಹತ್ತನೇ ಒಂಬತ್ತು ಭಾಗ ವಲಸಿಗರು; ಭಾರತೀಯರೇ ಮೂರನೇ ಒಂದು ಭಾಗದಷ್ಟಿದ್ದೇವೆ. ನಗರವನ್ನು ಕಟ್ಟಿದವರ ಮಕ್ಕಳ ರಕ್ತ ಹೇಗಿದೆ ಎಂದು ತಿಳಿಯಲು ಅಂಥ ಪುಸ್ತಕವೊಂದನ್ನು ತೆರೆಯಬೇಕಾಗಿದೆ.

ಇನ್ನು ವಿಮೆಯ ಪಟ್ಟಿಗೆ ಬರೋಣ. ಅಬುಧಾಬಿಯ 2005ರ 23ನೇ ಕಾಯ್ದೆ ಕೆಲಸಗಾರನ ಜೊತೆಗೆ ಅವನ ಹೆಂಡತಿ ಮತ್ತು ಮೂವರು ಮಕ್ಕಳ ವಿಮೆಯನ್ನೂ ಮಾಲೀಕನ ಹೊಣೆಯಾಗಿಸಿತು. ದುಬೈನ 2013ರ 11ನೇ ಕಾಯ್ದೆ ಮಾಲೀಕನ ಹೊಣೆಯನ್ನು ಕೆಲಸಗಾರನಿಗಷ್ಟೇ ನಿಲ್ಲಿಸಿ, ಕುಟುಂಬದ ವಿಮೆಯನ್ನು ಅವರನ್ನು ಕರೆಸಿಕೊಂಡವನ ಹೆಗಲಿಗೆ ಹಾಕಿತು. ಎರಡು ಗಂಟೆಗಳ ದಾರಿಯೂ ಇಲ್ಲದ ಎರಡು ನಗರಗಳಲ್ಲಿ ಬಸುರಿಯೊಬ್ಬಳ ಚಿಕಿತ್ಸೆಯ ಖರ್ಚಿಗೆ ಎರಡು ಬೇರೆ ವಿಳಾಸಗಳು. ಕಡಿಮೆ ಸಂಬಳದವರು ಕೊಳ್ಳುವ ದುಬೈನ ಮೂಲ ವಿಮಾ ಯೋಜನೆ ಗರ್ಭಿಣಿಗೆ ಎಂಟು ತಪಾಸಣೆ, ಮೂರು ಸ್ಕ್ಯಾನ್ ಮತ್ತು ನಿಗದಿತ ರಕ್ತ ಪರೀಕ್ಷೆಗಳನ್ನು ಒದಗಿಸುತ್ತದೆ. ಆ ಪರೀಕ್ಷೆಗಳ ಪಟ್ಟಿಯಲ್ಲಿ ಪೂರ್ಣ ರಕ್ತಕಣ ಎಣಿಕೆ ಇದೆ, ರಕ್ತದ ಗುಂಪು ಇದೆ, ಸಕ್ಕರೆ ಇದೆ. ಫೆರಿಟಿನ್ ಇಲ್ಲ.

ಇದು ಸಣ್ಣ ವಿಷಯವೆನಿಸಬಹುದು. ಹಿಮೋಗ್ಲೋಬಿನ್ ಒಲೆಯ ಮೇಲಿನ ಅನ್ನವಾದರೆ ಫೆರಿಟಿನ್ ಕಣಜದ ಭತ್ತ. ಕಣಜ ಬರಿದಾಗುತ್ತ ಬಂದರೂ ಕೆಲಕಾಲ ಒಲೆಯ ಮೇಲೆ ಅನ್ನ ಬೇಯುತ್ತಲೇ ಇರುತ್ತದೆ. ಹಿಮೋಗ್ಲೋಬಿನ್ ಕುಸಿಯುವುದು ದಾಸ್ತಾನು ಮುಗಿದ ಮೇಲೆ. ನನ್ನ ಪರಿಚಯದ ಕುಂದಾಪುರ ಕಡೆಯ ತಾಯಿಯೊಬ್ಬರಿಗೆ ಗರ್ಭದ ಮೂರನೆಯ ತಿಂಗಳಲ್ಲಿ ಹಿಮೋಗ್ಲೋಬಿನ್ 11.2 ಇತ್ತು. ಗಡಿರೇಖೆ 11 ಆದ್ದರಿಂದ ವರದಿಯಲ್ಲಿ 'ಸಾಮಾನ್ಯ' ಎಂದು ಮುದ್ರೆ ಬಿತ್ತು. ಮೆಟ್ಟಿಲು ಹತ್ತಲಾರದಷ್ಟು ಆಯಾಸವೆಂದು ಹೇಳಿಕೊಂಡಾಗ ಬಸಿರಿನಲ್ಲಿ ಹೀಗೆಯೇ ಎಂಬ ಉತ್ತರ ಸಿಕ್ಕಿತು. ಎರಡು ತಿಂಗಳ ಬಳಿಕ ಕೈಯಿಂದ ಹಣ ಕೊಟ್ಟು ಮಾಡಿಸಿದ ಪರೀಕ್ಷೆಯಲ್ಲಿ ಫೆರಿಟಿನ್ 7 ಎಂದು ತಿಳಿಯಿತು. ವಿಶ್ವ ಆರೋಗ್ಯ ಸಂಸ್ಥೆ ಗರ್ಭದ ಮೊದಲ ತಿಂಗಳುಗಳಿಗೆ ಹೇಳುವ ಕನಿಷ್ಠ ಮಟ್ಟ 15. ಗಂಡನ ಕಂಪನಿಯ ವಿಮೆ ದೊಡ್ಡದಿದ್ದಿದ್ದರೆ ಈ ಎರಡು ತಿಂಗಳು ಉಳಿಯುತ್ತಿತ್ತು. ಇನ್ನೊಂದು ಕಾರಣಕ್ಕೂ ಈ ಪರೀಕ್ಷೆ ಬೇಕು. ಗಲ್ಫ್ ಮತ್ತು ಭಾರತ ಎರಡೂ ಕಡೆ ಥಲಸ್ಸೀಮಿಯಾದ ವಾಹಕರು ಹೆಚ್ಚಿದ್ದಾರೆ. ಅವರಲ್ಲಿಯೂ ಹಿಮೋಗ್ಲೋಬಿನ್ ತಗ್ಗಿರುತ್ತದೆ, ರಕ್ತಕಣಗಳು ಸಣ್ಣದಾಗಿರುತ್ತವೆ. ಕಾರಣ ಮಾತ್ರ ಕಬ್ಬಿಣದ ಕೊರತೆಯಾಗಿರಬೇಕಿಲ್ಲ. ಕಣಜವನ್ನು ಇಣುಕಿ ನೋಡದೆ ಕೊಡುವ ಮಾತ್ರೆ ಊಹೆಯ ಔಷಧಿ.

ಹೆರಿಗೆ ಕೋಣೆಯಲ್ಲಿ ನಡೆಯುವುದು ಇನ್ನೂ ಸರಳ. ಮಗು ಹುಟ್ಟಿದ ಕ್ಷಣದಲ್ಲಿ ಅದರ ಪಾಲಿನ ರಕ್ತದಲ್ಲಿ ಗಣನೀಯ ಭಾಗ ಮಾಸು ಮತ್ತು ಹೊಕ್ಕುಳಬಳ್ಳಿಯಲ್ಲಿ ಇನ್ನೂ ಉಳಿದಿರುತ್ತದೆ. ಬಳ್ಳಿಯನ್ನು ಬೇಗ ಕಟ್ಟುವುದು ಮಗುವಿಗೆ ಹಾನಿ ಎಂದು ಚಾರ್ಲ್ಸ್ ಡಾರ್ವಿನನ ಅಜ್ಜ, ವೈದ್ಯ ಎರಾಸ್ಮಸ್ ಡಾರ್ವಿನ್ 1801ರಲ್ಲಿಯೇ ಬರೆದಿದ್ದ. ಒಂದರಿಂದ ಮೂರು ನಿಮಿಷ ಕಾದು ಕತ್ತರಿಸಿದರೆ 80ರಿಂದ 100 ಮಿಲಿಲೀಟರಿನಷ್ಟು ರಕ್ತ ಮಗುವಿಗೆ ಸೇರುತ್ತದೆ. ಸ್ವೀಡನ್ನಿನಲ್ಲಿ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಹತ್ತು ಸೆಕೆಂಡಿನೊಳಗೆ ಬಳ್ಳಿ ಕಟ್ಟಿದ ಶಿಶುಗಳ ಪೈಕಿ ನಾಲ್ಕು ತಿಂಗಳಿಗೆ ಶೇಕಡಾ 5.7ರಷ್ಟು ಮಂದಿಗೆ ಕಬ್ಬಿಣದ ಕೊರತೆಯಿತ್ತು. ಮೂರು ನಿಮಿಷ ಕಾದವರಲ್ಲಿ ಅದು ಶೇಕಡಾ 0.6. ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಇದನ್ನೇ ಮಾರ್ಗಸೂಚಿಯಾಗಿ ಹೊರಡಿಸಿತು. ಉಸಿರಾಟಕ್ಕೆ ತುರ್ತು ನೆರವು ಬೇಕಾದ ಮಗುವಿನ ಮಾತು ಬೇರೆ. ಉಳಿದಂತೆ ಇದಕ್ಕೆ ದುಡ್ಡು ಬೇಡ, ಯಂತ್ರ ಬೇಡ, ವಿಮೆಯ ಅನುಮತಿ ಬೇಡ. ಹೆರಿಗೆಯ ಯೋಜನೆಯಲ್ಲಿ ಈ ಸಾಲನ್ನು ಬರೆಸಬಹುದು ಎಂದು ಗೊತ್ತಿರುವ, ಆಂಗ್ಲ ಭಾಷೆಯಲ್ಲಿ ವೈದ್ಯರೊಡನೆ ವಾದಿಸಬಲ್ಲ ತಾಯಿಗೆ ಅದು ಸುಲಭ. ಹೆರಿಗೆಯ ನೋವಿನಲ್ಲಿ ಕನ್ನಡವೊಂದೇ ನಾಲಗೆಗೆ ಬರುವ ತಾಯಿಗೂ ಅದು ಕೇಳದೆಯೇ ಸಿಗಬೇಕು.

ಹೆರಿಗೆಯಾದ ಮೇಲೆ ಗಡಿಯಾರ ಉದ್ಯೋಗದಾತನ ಕೈಗೆ ಹೋಗುತ್ತದೆ. 1980ರ ಕಾರ್ಮಿಕ ಕಾಯ್ದೆಯಲ್ಲಿ 45 ದಿನಗಳಿದ್ದ ಹೆರಿಗೆ ರಜೆಯನ್ನು 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾಯ್ದೆ 60 ದಿನಗಳಿಗೆ ಏರಿಸಿತು: 45 ದಿನ ಪೂರ್ಣ ವೇತನ, 15 ದಿನ ಅರ್ಧ ವೇತನ. ದುಬೈ ಸರ್ಕಾರದ ನೌಕರರಿಗೆ 2017ರಿಂದಲೇ 90 ದಿನಗಳಿವೆ. ಭಾರತದ 2017ರ ತಿದ್ದುಪಡಿ 26 ವಾರ ಕೊಡುತ್ತದೆ, ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಕನಿಷ್ಠ 14 ವಾರ ಎನ್ನುತ್ತದೆ. ತಾಯಿ ಎರಡು ವರ್ಷ ಎದೆಹಾಲು ಉಣಿಸಲೇಬೇಕೆಂಬ ಅಂಶವನ್ನು 2014ರ ಜನವರಿಯಲ್ಲಿ ಇಲ್ಲಿನ ಫೆಡರಲ್ ನ್ಯಾಷನಲ್ ಕೌನ್ಸಿಲ್ ಮಕ್ಕಳ ಹಕ್ಕುಗಳ ಮಸೂದೆಯ ಚರ್ಚೆಯಲ್ಲಿ ಅಂಗೀಕರಿಸಿತ್ತು. ಆಗ ಖಾಸಗಿ ಉದ್ಯೋಗಿಯ ರಜೆ 45 ದಿನ! ಕರ್ತವ್ಯವನ್ನು ವರ್ಷಗಳಲ್ಲಿ, ಹಕ್ಕನ್ನು ದಿನಗಳಲ್ಲಿ ಅಳೆಯುವ ಈ ಪದ್ಧತಿ ಗಲ್ಫಿಗೆ ಮಾತ್ರ ಸೀಮಿತವೆಂದು ಯಾರೂ ಭಾವಿಸಬೇಕಿಲ್ಲ.

ರಜೆಗೂ ಕಬ್ಬಿಣಕ್ಕೂ ಏನು ಸಂಬಂಧ? ಹಾಲಿನ ಪುಡಿಯಲ್ಲಿ ಕಬ್ಬಿಣ ಬೆರೆಸಿರುತ್ತಾರೆ, ಆದ್ದರಿಂದ ಬಾಟಲಿ ಹಾಲಿನ ಕೂಸು ತಕ್ಷಣ ಕೊರತೆಗೆ ಬೀಳುವುದಿಲ್ಲ. ಹೊಡೆತ ಬೀಳುವುದು ತಾಯಿಗೆ. ಹೆರಿಗೆಯಲ್ಲಿ ಹೋದ ರಕ್ತ ಕೂಡಿಕೊಳ್ಳಲು ತಿಂಗಳುಗಳು ಬೇಕು. ಮಗುವಿಗೆ ಎದೆಹಾಲು ಮಾತ್ರ ಕೊಡುವ ತಾಯಿಗೆ ಮುಟ್ಟು ತಡವಾಗಿ ಮರಳುತ್ತದೆ. ಪ್ರಕೃತಿ ಆಕೆಯ ಕಣಜವನ್ನು ತುಂಬಲು ಕೊಟ್ಟ ಬಿಡುವು ಅದು. ಒಂಬತ್ತನೆಯ ವಾರಕ್ಕೆ ಕಚೇರಿಗೆ ಮರಳಿ, ಹಾಲು ಬತ್ತಿ, ಬರಿದಾದ ದಾಸ್ತಾನಿನ ಮೇಲೆಯೇ ಮತ್ತೆ ಬಸುರಿಯಾದರೆ ಎರಡನೆಯ ಮಗುವಿನ ಬುತ್ತಿ ಹಗುರವಾಗುತ್ತದೆ. ದಿನಕ್ಕೆ ಒಂದು ಗಂಟೆಯ ಹಾಲುಣಿಸುವ ಬಿಡುವನ್ನು ಆರು ತಿಂಗಳವರೆಗೆ ಕಾಯ್ದೆ ಕೊಡುತ್ತದೆ. ಮಗು ಶಾರ್ಜಾದ ಮನೆಯಲ್ಲಿ, ಕೆಲಸ ದುಬೈನಲ್ಲಿ, ನಡುವೆ ನಿತ್ಯದ ವಾಹನ ದಟ್ಟಣೆ ಇರುವವರಿಗೆ ಆ ಗಂಟೆ ಕಾಗದದ ಮೇಲಿನ ಗಂಟೆ.

ಇಷ್ಟೂ ಮಾತು ಇಲ್ಲಿ ಬಸುರಿಯಾಗಲು ಅನುಮತಿಯಿರುವವರ ಬಗ್ಗೆ. ಕುಟುಂಬವನ್ನು ಕರೆಸಿಕೊಳ್ಳಲು ತಿಂಗಳಿಗೆ 4000 ದಿರ್ಹಮ್, ಅಥವಾ 3000 ದಿರ್ಹಮ್ ಜೊತೆಗೆ ವಸತಿ ಇರಬೇಕು ಎಂಬುದು 2019ರಿಂದ ಇರುವ ನಿಯಮ. ಅದಕ್ಕಿಂತ ಕಡಿಮೆ ಗಳಿಸುವ ಚಾಲಕ, ಅಡುಗೆಯವ, ಅಂಗಡಿಯ ಹುಡುಗ ವರ್ಷಕ್ಕೋ ಎರಡು ವರ್ಷಕ್ಕೋ ಊರಿಗೆ ಹೋಗಿ ಬರುತ್ತಾನೆ. ಅವನ ಹೆಂಡತಿ ಭಟ್ಕಳದಲ್ಲೋ ಬೈಂದೂರಿನಲ್ಲೋ ಬಂಟ್ವಾಳದಲ್ಲೋ ಒಬ್ಬಳೇ ಬಸಿರನ್ನು ಹೊರುತ್ತಾಳೆ. ಆಕೆಯ ಕಬ್ಬಿಣ ನಮ್ಮ ಯಾವ ಲೆಕ್ಕದಲ್ಲಿಯೂ 'ಗಲ್ಫಿನದು' ಅಲ್ಲ.

ಮನೆಗೆಲಸಕ್ಕೆ ಬಂದ ಹೆಣ್ಣಿನ ಸ್ಥಿತಿ ಇನ್ನೂ ಕಠಿಣ. ವಲಸೆ ತಪಾಸಣೆ ಅಗತ್ಯವಿರುವ ಪಾಸ್‌ಪೋರ್ಟ್ ಹೊಂದಿದ ಮಹಿಳೆ ಗಲ್ಫಿಗೆ ಮನೆಗೆಲಸಕ್ಕೆ ಬರಬೇಕಾದರೆ 30 ವರ್ಷ ತುಂಬಿರಬೇಕೆಂದು ಭಾರತ ಸರ್ಕಾರದ ನಿಯಮವಿದೆ. ಆದ್ದರಿಂದ ಬರುವಾಕೆ ಬಹುಮಟ್ಟಿಗೆ ತಾಯಿಯೇ. ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು ಬಂದವಳು. ಇಲ್ಲಿ ವಾಸದ ಪರವಾನಗಿಗಾಗಿ ನಡೆಯುವ ವೈದ್ಯಕೀಯ ಪರೀಕ್ಷೆಯಲ್ಲಿ ಆಕೆ ಬಸುರಿಯಲ್ಲವೆಂದು ಸಾಬೀತಾಗಬೇಕು. ಕಾರ್ಮಿಕ ಕಾಯ್ದೆಯ 60 ದಿನಗಳ ರಜೆ ಆಕೆಗೆ ಅನ್ವಯಿಸದು. ಗೃಹಕಾರ್ಮಿಕರ 2022ರ ಪ್ರತ್ಯೇಕ ಕಾಯ್ದೆಯಲ್ಲಿ ವಾರದ ರಜೆ, ಕಾಯಿಲೆಯ ರಜೆಗಳಿವೆ, ಹೆರಿಗೆ ರಜೆಯಿಲ್ಲ. ನಮ್ಮ ಕೂಸುಗಳಿಗೆ ರಾಗಿ ಸರಿ ಕಲಸಿ ತಿನ್ನಿಸುವ ಈ ಹೆಣ್ಣಿನ ರಕ್ತದಲ್ಲಿ ಎಷ್ಟು ಕಬ್ಬಿಣವಿದೆ ಎಂದು ಕೇಳುವ ಪ್ರಗತಿಪರ ಮನೆಗಳು ಎಷ್ಟಿವೆ? ಗೃಹಕಾರ್ಮಿಕರ ಹಕ್ಕುಗಳ 2011ರ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಯುಎಇ ಒಪ್ಪಿಕೊಂಡಿಲ್ಲ. ಭಾರತವೂ ಒಪ್ಪಿಕೊಂಡಿಲ್ಲ.

ಊರಿಗೆ ನಾವು ಏನೂ ಕೊಟ್ಟಿಲ್ಲವೆಂದಲ್ಲ. ದಾನದಲ್ಲಿ ಗಲ್ಫ್ ಕನ್ನಡಿಗರ ಕೈ ದೊಡ್ಡದು. ಆದರೆ ದಾನದ ಮಿತಿಯನ್ನು ಉಡುಪಿ ಕಣ್ಣಾರೆ ಕಂಡಿದೆ. ಹಾಜಿ ಅಬ್ದುಲ್ಲಾ ಸಾಹೇಬರು ದಾನವಿತ್ತ ನೆಲದಲ್ಲಿದ್ದ ಸರ್ಕಾರಿ ಹೆರಿಗೆ ಆಸ್ಪತ್ರೆಯ ಜಾಗದಲ್ಲಿ, ಅಬುಧಾಬಿಯಲ್ಲಿ ಸಾಮ್ರಾಜ್ಯ ಕಟ್ಟಿದ ಉಡುಪಿಯ ಬಿ.ಆರ್. ಶೆಟ್ಟರ ಸಂಸ್ಥೆ 200 ಹಾಸಿಗೆಗಳ ಉಚಿತ ತಾಯಿ ಮಕ್ಕಳ ಆಸ್ಪತ್ರೆಯನ್ನು 2017ರಲ್ಲಿ ತೆರೆಯಿತು. ಬಡ ಬಸುರಿಯರಿಗೆ ಅದು ನಿಜಕ್ಕೂ ಆಸರೆಯಾಯಿತು. 2020ರಲ್ಲಿ ಅಬುಧಾಬಿಯ ಉದ್ಯಮ ಕುಸಿದದ್ದೇ ಉಡುಪಿಯ ದಾದಿಯರಿಗೆ ಸಂಬಳ ನಿಂತಿತು, ಮುಷ್ಕರಗಳಾದವು, ಕೊನೆಗೆ ಸರ್ಕಾರವೇ ಆಸ್ಪತ್ರೆಯನ್ನು ವಹಿಸಿಕೊಂಡಿತು. ತಾಯಿಯ ರಕ್ತದಂಥ ವಿಷಯವನ್ನು ಒಬ್ಬ ಉದ್ಯಮಿಯ ಏಳುಬೀಳಿಗೆ ಕಟ್ಟಿಹಾಕಬಾರದು ಎಂಬ ಪಾಠ ಅದರಲ್ಲಿದೆ.

ನಮ್ಮದೇ ಮನೆಗಳ ಮಾತನ್ನೂ ಆಡಬೇಕು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಮತ್ತು ವಿಜಯಪುರದಲ್ಲಿ ಶಾಲಾ ಮಕ್ಕಳಿಗೆ ಮೊಟ್ಟೆ ಕೊಡತೊಡಗಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ಅವರನ್ನು ನೇರವಾಗಿ ಪ್ರಶ್ನಿಸಿದಳು. ದುಬೈನ ಎಷ್ಟು ಕನ್ನಡ ಬಳಗಗಳಲ್ಲಿ ಮಠಾಧೀಶರ ಮಾತೇ ಮೆಚ್ಚುಗೆಯಿಂದ ಹರಿದಾಡಿತು ಎಂಬುದು ನಮಗೆ ತಿಳಿದಿದೆ. ಮೊಟ್ಟೆಯ ಕಬ್ಬಿಣ ಸುಲಭವಾಗಿ ಹೀರಲ್ಪಡುವುದಿಲ್ಲ, ಅದು ನಿಜ. ಆದರೆ ರಕ್ತ ಕಟ್ಟಲು ಪ್ರೋಟೀನ್, ಬಿ12, ಫೋಲೇಟ್ ಕೂಡ ಬೇಕು. ಬಡ ಮಗುವಿನ ತಟ್ಟೆಯಲ್ಲಿ ಇವನ್ನು ಅಷ್ಟು ಅಗ್ಗವಾಗಿ ತಂದಿಡುವ ಪದಾರ್ಥ ಬೇರೊಂದಿಲ್ಲ. ಮೀನು ಮಾಂಸಗಳ ಕಬ್ಬಿಣ ಸೊಪ್ಪು ಕಾಳುಗಳದ್ದಕ್ಕಿಂತ ಹಲವು ಪಟ್ಟು ಚೆನ್ನಾಗಿ ಮೈಗೂಡುತ್ತದೆ, ಜೊತೆಗುಂಡ ಸೊಪ್ಪಿನ ಕಬ್ಬಿಣವನ್ನೂ ಹೀರಿಸುತ್ತದೆ. ಕರಾವಳಿಯ ಬಂಗುಡೆ ಸಾರು, ಹರಿವೆ ಸೊಪ್ಪಿನ ಊಟಕ್ಕೆ ಈ ವಿವೇಕ ಹಿಂದಿನಿಂದಲೂ ಇತ್ತು. ಸಸ್ಯಾಹಾರಿಗಳು ಕಾಳಿನ ಜೊತೆ ನಿಂಬೆ ಹಿಂಡಿಕೊಳ್ಳಬೇಕು, ಊಟದ ಬೆನ್ನಿಗೇ ಚಹಾ ಕುಡಿಯುವುದನ್ನು ಬಿಡಬೇಕು. ವರ್ಷ ತುಂಬಿದ ಮಗು ಅನ್ನ ತಿನ್ನುವುದಿಲ್ಲವೆಂದು ದಿನವಿಡೀ ಹಸುವಿನ ಹಾಲಿನ ಬಾಟಲಿ ಕೊಡುವುದು ಉಳ್ಳವರ ಮನೆಗಳಲ್ಲಿ ಕಬ್ಬಿಣದ ಕೊರತೆ ಹುಟ್ಟಿಸುವ ಹೆದ್ದಾರಿ. ಮತ್ತು ಎರಡು ಕೋಣೆಯ ಫ್ಲ್ಯಾಟಿನಲ್ಲಿಯೂ ಎಲ್ಲರ ಊಟವಾದ ಮೇಲೆ ಉಳಿದದ್ದನ್ನು ಹೆಣ್ಣು ಉಣ್ಣುವ ಪದ್ಧತಿಯನ್ನು ಯಾವ ವಿಮೆಯೂ ತುಂಬಿಕೊಡಲಾರದು.

ಹಾಗಾದರೆ ಏನು ಕೇಳಬೇಕು? ಮೂಲ ವಿಮೆಯ ಗರ್ಭಿಣಿ ಪರೀಕ್ಷೆಗಳ ಪಟ್ಟಿಗೆ ಫೆರಿಟಿನ್ ಸೇರಬೇಕು. ಹೊಕ್ಕುಳಬಳ್ಳಿ ಕತ್ತರಿಸಿದ ಸಮಯ ಪ್ರತಿ ಹೆರಿಗೆಯ ದಾಖಲೆಯಲ್ಲಿ ನಮೂದಾಗಬೇಕು. ಖಾಸಗಿ ಉದ್ಯೋಗಿಯ ರಜೆ ಮೊದಲ ಹೆಜ್ಜೆಯಾಗಿ ಸರ್ಕಾರಿ ಉದ್ಯೋಗಿಯ 90 ದಿನಗಳಿಗೆ, ಅಲ್ಲಿಂದ 14 ವಾರಗಳಿಗೆ ಏರಬೇಕು. ಗೃಹಕಾರ್ಮಿಕಳ ವೈದ್ಯಕೀಯ ಪರೀಕ್ಷೆ ಆಕೆಯ ಆರೋಗ್ಯಕ್ಕಾಗಿಯೂ ನಡೆಯಬೇಕು. ಊರಿನಲ್ಲಿ, 2017ರಿಂದ ಅಂಗನವಾಡಿಗಳಲ್ಲಿ ಬಸುರಿ ಬಾಣಂತಿಯರಿಗೆ ಬಿಸಿಯೂಟ ಕೊಡುತ್ತಿರುವ ಮಾತೃಪೂರ್ಣ ಯೋಜನೆಗೆ ಮತ್ತು ಶಾಲೆಯ ಮೊಟ್ಟೆಗೆ ನಮ್ಮ ದನಿ ಸೇರಬೇಕು.

ಕಾರ್ಮಿಕ ಸಂಘ ಕಟ್ಟಲು ಅವಕಾಶವಿಲ್ಲದ ನಾಡಿನಲ್ಲಿ ಇವನ್ನೆಲ್ಲ ಕೇಳುವುದು ಸುಲಭವಲ್ಲ. ಆದರೂ ದಾರಿಗಳಿವೆ. ಇಲ್ಲಿನ ಆಸ್ಪತ್ರೆಗಳಲ್ಲಿ ವೈದ್ಯರು, ದಾದಿಯರು, ಕಂಪನಿಗಳಲ್ಲಿ ಸಿಬ್ಬಂದಿ ವ್ಯವಸ್ಥಾಪಕರು, ವಿಮಾ ಕಚೇರಿಗಳಲ್ಲಿ ಲೆಕ್ಕಿಗರು ನಮ್ಮವರೇ ಇದ್ದಾರೆ. ಕಾಯ್ದೆ ಹೇಳುವುದು ಕನಿಷ್ಠವನ್ನು. ಹೆಚ್ಚು ಕೊಡಲು ಯಾವ ಕಂಪನಿಗೂ ಅಡ್ಡಿಯಿಲ್ಲ. ಭಾರತೀಯ ದೂತಾವಾಸದ ಮುಂದಿಡುವ ಮನವಿಗೂ ಅಡ್ಡಿಯಿಲ್ಲ. ರಾಜ್ಯೋತ್ಸವದ ವೇದಿಕೆಗೆ ಚಿತ್ರನಟರನ್ನು ಕರೆಸುವ ಬಳಗಗಳು ಆ ಖರ್ಚಿನ ಒಂದು ಭಾಗದಲ್ಲಿ ಕಾರ್ಮಿಕರ ಪತ್ನಿಯರಿಗೆ, ಮನೆಗೆಲಸದವರಿಗೆ ಫೆರಿಟಿನ್ ಪರೀಕ್ಷೆಯ ಶಿಬಿರ ನಡೆಸಿ, ಬಂದ ಅಂಕಿಗಳನ್ನು ಪ್ರಕಟಿಸಬಹುದು. ಪರೀಕ್ಷೆಗೆ ಬಂದವರ ಚಿಕಿತ್ಸೆ ಮುಗಿಯುವವರೆಗೆ ಜೊತೆಗಿರುವುದೂ ಆ ಶಿಬಿರದ ಕೆಲಸವಾಗಬೇಕು. ಈ ನವೆಂಬರಿನ ಕಾರ್ಯಕ್ರಮ ಪಟ್ಟಿ ಸಿದ್ಧವಾಗುವ ಮೊದಲು ನಿಮ್ಮ ಬಳಗದ ಸಭೆಯಲ್ಲಿ ಈ ಮಾತನ್ನು ಎತ್ತಿ.